ಪೊಂಗಲ್ ತಟ್ಟೆಯಲ್ಲಿ ಕೊಡೆ ಸಿಪಾಯಿಗಳು

ಅಕ್ಕ ಯಾರನ್ನಾದರೂ ಕ್ಷಮಿಸಿದ್ದನ್ನು ನಾನು ನೋಡಿಲ್ಲ. ಕ್ಷಮಿಸುವುದು ದೊಡ್ಡ ಗುಣ ಎಂದು ಯಾರಾದರೂ ಎದುರಿಗೆ ಹೇಳಿದರೆ, "ದೊಡ್ಡೋರು ಮಾಡ್ಕೊಳ್ಲಿ, ನಾನು ಸಣ್ಣೋಳು" ಎಂದು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ತಿರುಪ್ಪೂರಿನಲ್ಲಿ ಅವರ ಬೀದಿಯ ತುದಿಗೆ ಒಬ್ಬ ತರಕಾರಿ ಗಾಡಿಯವನಿದ್ದ. ಯಾವುದೋ ಕಾಲದಲ್ಲಿ ಅವನು ಅಕ್ಕನ ಕೈಯಿಂದ ಬದನೆಕಾಯಿ ಕಿತ್ತುಕೊಂಡು, ಹೀಗೆ ಒತ್ತಿ ಒತ್ತಿ ನೋಡುವುದಾದರೆ ಬೇರೆ ಕಡೆ ಹೋಗಿ ಎಂದಿದ್ದನಂತೆ. ಅಂದಿನಿಂದ ಅಕ್ಕ ಬೇರೆ ಕಡೆಯೇ ಕೊಂಡರು. ಆದರೆ ಬರುವಾಗ ಅವನ ಗಾಡಿಯ ಮುಂದೆಯೇ ಹಾದು, ಬದನೆಕಾಯಿ ಅವನಿಗೆ ಕಾಣುವಂತೆ ಚೀಲದ ಮೇಲ್ಗಡೆ ಇಟ್ಟುಕೊಂಡು ಬರುತ್ತಿದ್ದರು. ಅವನು ವ್ಯಾಪಾರ ಬಿಟ್ಟು ಊರಿಗೆ ಹೋಗಿ, ಬೇರೆ ಯಾರೋ ಆ ಗಾಡಿ ತಳ್ಳತೊಡಗಿದ ಮೇಲೂ ಬದನೆಕಾಯಿ ಮೇಲ್ಗಡೆಯೇ ಇತ್ತು.

ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ತೀರಿಕೊಂಡವರನ್ನು ಕುರಿತು ಬರೆಯುವಾಗ 'ಎಲ್ಲರನ್ನೂ ಪ್ರೀತಿಯಿಂದ ಕಾಣುತ್ತಿದ್ದರು' ಎಂದು ಒಂದು ಸಾಲು ಹಾಕುವ ಪದ್ಧತಿ ಇದೆ. ನಾನು ಹಾಕುವುದಿಲ್ಲ. ಹಾಕಿದರೆ ಅಕ್ಕ ಎದ್ದು ಬಂದು ಹೊಡೆದುಹಾಕುತ್ತಾರೆ.

ನಾವು ಕೊಯಮತ್ತೂರು, ತಿರುಪ್ಪೂರು ಕಡೆಯ ಹಳೆಯ ಕನ್ನಡದವರು, ನೇಯ್ಗೆಯ ಮನೆತನಗಳು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮಾತಾಡುವ ಕನ್ನಡದಲ್ಲೂ ಅರ್ಧ ತಮಿಳೇ; ಮೈಸೂರಿನವರು ಕೇಳಿದರೆ ನಗುತ್ತಾರೆ, ನಗಲಿ. ಕನ್ನಡ ಅಕ್ಷರ ಬಲ್ಲವರು ನಮ್ಮಲ್ಲಿ ಅಪರೂಪ. ನನ್ನ ಅಮ್ಮ ಕೊಳ್ಳೇಗಾಲದವಳಾದ್ದರಿಂದ ನನಗೆ ಬಂತು. ಅಕ್ಕನಿಗೆ ಬರುತ್ತಿರಲಿಲ್ಲ. ಬದುಕಿದ್ದರೆ ಇದನ್ನು ನಾನೇ ಓದಿ ಹೇಳಬೇಕಾಗುತ್ತಿತ್ತು, ಅವರು ನಡುನಡುವೆ ನಿಲ್ಲಿಸಿ, "ಇನ್ನೂ ಖಾರ ಹಾಕು ಕಣ್ಣು" ಎನ್ನುತ್ತಿದ್ದರು. ಪ್ರೀತಿ ಬಂದರೂ ಸಿಟ್ಟು ಬಂದರೂ ಅವರು ನನ್ನನ್ನು 'ಕಣ್ಣು' ಎಂದೇ ಕರೆಯುತ್ತಿದ್ದರು.

ಅಕ್ಕನ ತಂದೆಗೆ ಮಡತ್ತುಕುಳಂನಲ್ಲಿ ಮಗ್ಗಗಳಿದ್ದವು. ಒಬ್ಬಳೇ ಮಗಳು. ಚಿಕ್ಕಮ್ಮನ ಮಗನೊಬ್ಬ ಅದೇ ಮನೆಯಲ್ಲಿ ಬೆಳೆದ. ಒಂದೇ ತಟ್ಟೆಯಲ್ಲಿ ಉಂಡವರು. ಇಬ್ಬರೂ ಜವಳಿ ತಂತ್ರಜ್ಞಾನದ ಡಿಪ್ಲೊಮಾ ಓದಿದರು. ಅವನು ತಿರುಪ್ಪೂರಿನಲ್ಲಿ ಉಡುಪು ರಫ್ತಿನ ಕಂಪನಿ ತೆಗೆದಾಗ ಸ್ಯಾಂಪಲ್ ವಿಭಾಗವನ್ನು ಅಕ್ಕನ ಕೈಗೆ ಕೊಟ್ಟ. ದೊಡ್ಡ ಆರ್ಡರ್ ಹೊಲಿಯುವ ಮುಂಚೆ ಒಂದು ಮಾದರಿ ಹೊಲಿದು ಹೊರದೇಶದ ಬಯರ್‌ಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಆ ಮಾದರಿ ಮಾಡುವ ಕೋಣೆ ಅದು. ನಾನು ಅಲ್ಲಿ ಅವರ ಕೈಕೆಳಗೆ ಕೆಲಸಕ್ಕೆ ಸೇರಿದೆ; ಒಡಹುಟ್ಟಿದವರಲ್ಲದಿದ್ದರೂ ಅಂದಿನಿಂದ ಅವರು ನನಗೆ ಅಕ್ಕ. ಅವನ ಹೆಸರು ನನ್ನ ಲೇಖನಿಗೆ ಬೇಡ. ಅಕ್ಕ ಅವನನ್ನು ಕೊನೆಯವರೆಗೂ 'ತಮ್ಮ' ಎಂದೇ ಕರೆದರು, ಹಲ್ಲು ಕಚ್ಚಿಕೊಂಡು. ನಾನೂ ಹಾಗೇ ಬರೆಯುತ್ತೇನೆ.

ಒಂದು ಸಲ ಬೆಲ್ಜಿಯಂನ ವ್ಯಾಪಾರಿಯೊಬ್ಬನಿಂದ ವಿಚಿತ್ರವಾದ ಆರ್ಡರ್ ಬಂತು. ಎರಡನೇ ಮಹಾಯುದ್ಧದಲ್ಲಿ ವಿಮಾನದಿಂದ ಕೊಡೆ ಕಟ್ಟಿಕೊಂಡು ಹಾರಿದ ಅಮೆರಿಕದ ಪ್ಯಾರಾಟ್ರೂಪರ್‌ಗಳ ಜಾಕೆಟ್ಟು, ಪ್ಯಾಂಟು. ಅಲ್ಲಿ ರಜಾದಿನಗಳಲ್ಲಿ ಆ ವೇಷ ಹಾಕಿಕೊಂಡು ಬಯಲಿನಲ್ಲಿ ಹಳೆಯ ಯುದ್ಧವನ್ನು ಮತ್ತೆ ಆಡಿ ತೋರಿಸುವವರಿದ್ದಾರಂತೆ. ಅವರಿಗೆ ಎಲ್ಲವೂ ಆಗಿನ ಹಾಗೇ ಇರಬೇಕು, ಒಂದು ಗುಂಡಿ ಹೆಚ್ಚು ಕಡಿಮೆ ಆದರೂ ಕೊಳ್ಳುವುದಿಲ್ಲ. ಕೇಳಿ ನಾವು ನಕ್ಕೆವು. ಅಕ್ಕ ನಗಲಿಲ್ಲ. "ನಮ್ ಕಡೆ ಕೂತ್ತಿನ ಆಟದಲ್ಲಿ ಭೀಮನ ಗದೆ ಬಣ್ಣ ಬೇರೆ ಇದ್ರೆ ಒಪ್ತೀವಾ?" ಎಂದರು. ಅವರಿಗೆ ಆ ಸೈನಿಕರು 'ಕೊಡೆ ಸಿಪಾಯಿ'ಗಳಾದರು.

ಆ ಬಟ್ಟೆಯಲ್ಲಿ ತೇಪೆಗಳೇ ಮುಖ್ಯ. ಹಾರಿ ನೆಲಕ್ಕೆ ಬಿದ್ದಾಗ ಹರಿಯಬಾರದೆಂದು ಮೊಣಕೈಗೂ ಮೊಣಕಾಲಿಗೂ ಗುಡಾರದ ಬಟ್ಟೆಯ ತೇಪೆ ಹಾಕಿಸಿಕೊಂಡೇ ಅವರು ಯುದ್ಧಕ್ಕೆ ಹೋದರಂತೆ. ತೇಪೆ ಇಲ್ಲದ ಮಾದರಿಯನ್ನು ಬೆಲ್ಜಿಯಂನವನು ಒಪ್ಪಿದ. ತೇಪೆಯನ್ನು ಮಾತ್ರ ಒಳ್ಳೆಯ ಸಚಿತ್ರ ಪುಸ್ತಕ ನೋಡಿ ಹಾಗೇ ಹಾಕಿ, ಪುಸ್ತಕವನ್ನು ನೀವೇ ಆರಿಸಿಕೊಳ್ಳಿ ಎಂದು ಬರೆದ.

ಆರ್.ಎಸ್. ಪುರಂನಲ್ಲಿ ಹೊರದೇಶದ ಪುಸ್ತಕ ತರಿಸಿಕೊಡುವ ಒಂದು ಅಂಗಡಿ ಇತ್ತು. ತಮ್ಮನ ಕಾರಿನಲ್ಲಿ ಮೂವರೂ ಹೋದೆವು: ತಮ್ಮ, ಅಕ್ಕ, ನಾನು. ಅಂಗಡಿಯ ಯಜಮಾನರು ಎರಡು ಪುಸ್ತಕ ತೆಗೆದಿಟ್ಟಿದ್ದರು. ಒಂದು ದಪ್ಪ ರಟ್ಟಿನದು, ಪುಟಪುಟಕ್ಕೂ ಕುಂಚದಿಂದ ಬರೆದ ಬಣ್ಣದ ಚಿತ್ರ. ವಿಮಾನದ ಬಾಗಿಲಲ್ಲಿ ನಿಂತ ಸೈನಿಕ, ಹುಲ್ಲಿನಲ್ಲಿ ಮೊಣಕಾಲೂರಿದ ಸೈನಿಕ, ಎಲ್ಲರೂ ಈಗ ತಾನೇ ಇಸ್ತ್ರಿ ಅಂಗಡಿಯಿಂದ ಬಂದವರ ಹಾಗೆ. ಇನ್ನೊಂದು ತೆಳ್ಳನೆಯದು, ಹೆಚ್ಚಿನದೆಲ್ಲ ಕಪ್ಪು ಬಿಳುಪು. ಯುದ್ಧ ಮುಗಿದು ಉಳಿದುಬಂದ ನಿಜವಾದ ಬಟ್ಟೆಗಳನ್ನು ನೆಲದ ಮೇಲೆ ಹರಡಿ ತೆಗೆದ ಫೋಟೊಗಳು. ಹೊರಮೈಯದು ಒಂದು, ಒಳಮೈಯದು ಒಂದು.

ಅಕ್ಕ ಚೀಲದಿಂದ ಮಡಿಚುಗಾಜು, ನೂಲು ಎಣಿಸುವ ಪುಟ್ಟ ಭೂತಗನ್ನಡಿ, ತೆಗೆದು ತೆಳ್ಳನೆಯ ಪುಸ್ತಕದ ಮೇಲಿಟ್ಟು ಬಗ್ಗಿದರು. ತುಂಬಾ ಹೊತ್ತು ಏಳಲಿಲ್ಲ. "ನೋಡು ಕಣ್ಣು, ಈ ತೇಪೆ ಒಂದ್ ಕಡೆ ಎಳ್ದಿದೆ. ಇದು ಆ ಕೈದಕ್ಕಿಂತ ದೊಡ್ಡದು. ಅಂಚೂ ಮಡಿಚಿಲ್ಲ. ನಾಳೆ ಸಾಯೋಕೆ ಹೋಗೋನು ಅಂಚು ಮಡಿಚ್ಕೊಂಡು ಕೂತಿರ್ತಾನಾ?" ಆಮೇಲೆ ದಪ್ಪ ಪುಸ್ತಕವನ್ನು ಒಂದೇ ಬೆರಳಲ್ಲಿ ಸರಿಸಿದರು. "ಇದನ್ನ ಬರ್ದೋನಿಗೆ ಸೂಜಿ ಹಿಡಿಯೋಕೆ ಬರಲ್ಲ. ಚಿತ್ರ ಚೆನ್ನಾಗಿರ್ಲಿ ಅಂತ ಎಲ್ಲಾ ಸಮ ಮಾಡಿದಾನೆ."

ತಮ್ಮ ತೆಳ್ಳನೆಯದನ್ನು ತಿರುಗಿಸಿಯೂ ನೋಡಲಿಲ್ಲ. "ಅಕ್ಕಾ, ಇದು ಹಳೇ ಪೇಪರ್ ಥರ ಇದೆ. ಬಯರ್ ಬಂದಾಗ ಟೇಬಲ್ ಮೇಲೆ ಇಟ್ರೆ ಒಂದು ಗೆತ್ತು ಬೇಡ್ವಾ? ಇದರಲ್ಲಿ ಕಲರ್ ಇದೆ" ಎಂದು ದಪ್ಪದನ್ನು ಎತ್ತಿಕೊಂಡ. ಅಕ್ಕ ಎರಡು ಸಲ ಬೇಡ ಎಂದರು. ಅವನು ಅದನ್ನೇ ಕಟ್ಟಿಸಿದ. ಹೊತ್ತು ಕಾರಿನಲ್ಲಿ ಇಟ್ಟವಳು ನಾನು. ಅದರ ಭಾರ ನನ್ನ ಕೈಗೆ ಗೊತ್ತು, ಆದ್ದರಿಂದ ಪುಸ್ತಕ ಯಾರು ಆರಿಸಿದರು ಎಂಬ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ನಮ್ಮ ದರ್ಜಿಗಳಿಗೆ ಒಂದು ರೋಗ. ಸೊಟ್ಟಗೆ ಹೊಲಿ ಎಂದರೆ ಕೈ ಬರುವುದಿಲ್ಲ. ಹೊಲಿಗೆ ಎಂದರೆ ಗೆರೆ ಎಳೆದ ಹಾಗಿರಬೇಕು, ಒಂದು ತೋಳಿನಂತೆ ಇನ್ನೊಂದು ತೋಳು ಇರಬೇಕು ಎಂದು ಕಲಿತು ಬೆಳೆದವರು. ಆ ದಪ್ಪ ಪುಸ್ತಕದ ಚಿತ್ರ ಅವರ ಸ್ವಭಾವಕ್ಕೆ ಸರಿಯಾಗಿ ಹೊಂದಿತು. ಹಾಲು ಕುಡಿ ಎಂದರೆ ಬೆಕ್ಕು ಬೇಡ ಎನ್ನುತ್ತದೆಯೇ? ತೇಪೆಗಳೆಲ್ಲ ಒಂದೇ ಅಳತೆ, ಅಂಚು ಮಡಿಚಿ ಎರಡೆರಡು ಸಾಲು ಹೊಲಿಗೆ, ನೋಡಿದರೆ ಕೈ ಮುಗಿಯಬೇಕು ಹಾಗಿತ್ತು. ಅಕ್ಕ ನೋಡಿ ಕೈ ಹಿಸುಕಿಕೊಂಡರು. "ಪುಸ್ತಕದಲ್ಲಿ ಇರೋ ಹಾಗೆ ಮಾಡಿ ಅಕ್ಕಾ, ಸಾಕು" ಎಂದ ತಮ್ಮ.

ಬೆಲ್ಜಿಯಂನವನು ಸರಕು ನೋಡಲು ತಾನೇ ಬಂದ. ಒಂದು ತೋಳು ಎತ್ತಿ ನೋಡಿದ, ಇನ್ನೊಂದು ಎತ್ತಿ ನೋಡಿದ, ಶಾಲೆ ಮಕ್ಕಳ ಸಮವಸ್ತ್ರ ಮಾಡಿದ್ದೀರಿ, ಇದನ್ನು ಬಲ್ಲವರು ಯಾರೂ ಮುಟ್ಟುವುದಿಲ್ಲ ಎಂದ. ಯಾವ ಪುಸ್ತಕ ನೋಡಿದಿರಿ ಎಂದು ಕೇಳಿದ. ತಂದು ತೋರಿಸಿದರೆ, ಇದು ಉಡುಗೊರೆ ಕೊಡುವ ಪುಸ್ತಕ, ಇದನ್ನು ಆರಿಸಿದ್ದು ಯಾರು ಎಂದ. ಹೊಲಿದವರು, ಕತ್ತರಿಸಿದವರು, ಇಸ್ತ್ರಿಯವರು ಎಲ್ಲರೂ ಮಿಷನ್ ನಿಲ್ಲಿಸಿ ನಿಂತಿದ್ದರು. ತಮ್ಮ ಮೊದಲು ಇಂಗ್ಲಿಷಿನಲ್ಲಿ ಅವನಿಗೆ ಹೇಳಿದ. ಆಮೇಲೆ ಅಷ್ಟು ಜನಕ್ಕೂ ಕೇಳುವಂತೆ ತಮಿಳಿನಲ್ಲಿ ಹೇಳಿದ: "ಪುಸ್ತಗಂ ಸೆಲೆಕ್ಟ್ ಪಣ್ಣದು ಅಕ್ಕಾದಾನ್. ತಪ್ಪು ಅವಂಗಳೋಡದು." ಪುಸ್ತಕ ಆರಿಸಿದ್ದು ಅಕ್ಕ, ತಪ್ಪು ಅವರದು.

ನನಗೆ ತಡೆಯಲಿಲ್ಲ. "ಅಣ್ಣಾ, ಆರಿಸಿದ್ದು ನೀವಲ್ವಾ, ನಾನೇ ಹೊತ್ಕೊಂಡು ಬಂದೆ" ಎಂದೆ. ಅವನು ನನ್ನ ಕಡೆ ತಿರುಗಿ, "ದೊಡ್ಡೋರು ಮಾತಾಡ್ವಾಗ ನಿಂಗೇನು ವೇಲೆ?" ಎಂದ, ನಿನಗೇನು ಕೆಲಸ ಎಂದು. ನಾನು ಹೇಳಿದ್ದು ಕನ್ನಡದಲ್ಲಿ. ನಿಂತಿದ್ದವರಲ್ಲಿ ಎಷ್ಟು ಜನಕ್ಕೆ ಅರ್ಥವಾಯಿತೋ ಕಾಣೆ. ಅಕ್ಕ ಮಡಿಚುಗಾಜನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ನಾನು ಹಿಂದೆಯೇ ಹೋದೆ. ಮರುದಿನ ಇಬ್ಬರೂ ಕೆಲಸಕ್ಕೆ ಹೋಗಲಿಲ್ಲ.

ರಫ್ತಿನವರ ಮಟ್ಟಿಗೆ ತಿರುಪ್ಪೂರು ದೊಡ್ಡ ಊರಲ್ಲ; ಒಂದು ಕಂಪನಿಯಲ್ಲಿ ಕೆಮ್ಮಿದರೆ ಇನ್ನೊಂದು ಕಂಪನಿಯಲ್ಲಿ ಕೇಳುತ್ತದೆ. ಅಕ್ಕ ಎಲ್ಲಿ ಕೆಲಸ ಕೇಳಿದರೂ ಮೊದಲು ಕೂರಿಸಿ ಕಾಫಿ ಕೊಡುತ್ತಿದ್ದರು, ಆಮೇಲೆ ಆ ಜಾಕೆಟ್ಟಿನ ವಿಷಯ ಎತ್ತುತ್ತಿದ್ದರು. "ಅಷ್ಟು ಅನುಭವ ಇಟ್ಕೊಂಡು ನೀವು ಹೆಂಗಮ್ಮಾ ಆ ಪುಸ್ತಕ ಎತ್ತಿದ್ರಿ?" ಎಂದು ಒಬ್ಬ ಮ್ಯಾನೇಜರ್ ಕನಿಕರದಿಂದ ಕೇಳಿದ. ಆ ಕನಿಕರವನ್ನು ಅಕ್ಕ ಕೊನೆಯವರೆಗೂ ಮರೆಯಲಿಲ್ಲ. ಅಂದು ಬಸ್ಸಿನಲ್ಲಿ ಕೂತು ನನಗೆ ಹೇಳಿದರು: "ನಂಗೆ ಅವನ ದುಡ್ಡು ಬೇಡ, ಕೆಲ್ಸ ಬೇಡ. ಎಲ್ಲಾರ ಮುಂದೆ ಹೇಳಿದ್ನಲ್ಲಾ, ಆ ಎಲ್ಲಾರ ಮುಂದೆ ಇನ್ನೊಂದು ಸಲ ಹೇಳ್ಬೇಕು, ಆರಿಸಿದ್ದು ನಾನು ಅಂತ. ಒಂದೇ ಮಾತು. ಅದನ್ನ ತಗೊಳ್ದೆ ನಾನು ಸಾಯಲ್ಲ."

ಬೇರೆಯವರಾಗಿದ್ದರೆ ಸಂಬಂಧ ಕಡಿದುಕೊಳ್ಳುತ್ತಿದ್ದರು. ಅಕ್ಕ ಕಡಿದುಕೊಳ್ಳಲಿಲ್ಲ. ಕಡಿದರೆ ಜಗಳ ಮುಗಿದುಹೋಗುತ್ತದೆ, ಅವನಿಗೆ ಅಷ್ಟು ಸುಲಭದಲ್ಲಿ ಬಿಡುಗಡೆ ಯಾಕೆ ಎನ್ನುವುದು ಅವರ ವಾದ.

ನಮ್ಮ ಕಡೆ ಪೊಂಗಲ್‌ಗೆ ತವರಿನಿಂದ ಹೆಣ್ಣುಮಕ್ಕಳಿಗೆ ಸೀರು ಬರುತ್ತದೆ. ಸೀರೆ, ಅಕ್ಕಿ, ಬೆಲ್ಲ, ಕಬ್ಬು, ಅರಿಸಿನದ ಕೊಂಬು, ಎಲ್ಲ ಒಂದು ತಟ್ಟೆಯಲ್ಲಿ. ತಂದೆತಾಯಿ ಇಲ್ಲದ ಮೇಲೆ ಅದನ್ನು ಕಳಿಸಬೇಕಾದವನು ಒಡಹುಟ್ಟಿದವನು. ಅಕ್ಕನಿಗೆ ಇದ್ದವನು ಇವನೊಬ್ಬನೇ. ಕಳಿಸದಿದ್ದರೆ ನಮ್ಮವರು ನಾಲ್ಕು ಜನ ಯಾಕೆ ಎಂದು ಕೇಳುತ್ತಾರೆ, ಅದರ ಭಯಕ್ಕೆ ಅವನು ಆ ವರ್ಷವೂ ಡ್ರೈವರ್ ಕೈಲಿ ಕಳಿಸಿದ. ಬಂದ ತಟ್ಟೆಯನ್ನು ಖಾಲಿ ಕಳಿಸಬಾರದು, ಏನಾದರೂ ಇಟ್ಟೇ ಕಳಿಸಬೇಕು. ಸಾಮಾನ್ಯವಾಗಿ ಸಕ್ಕರೆಯೋ ಹಣ್ಣೋ ಇಡುತ್ತಾರೆ. ಅಕ್ಕ ಒಳಗೆ ಹೋಗಿ, ಆರ್.ಎಸ್. ಪುರಂನಿಂದ ತಾವೇ ಕೊಂಡು ತಂದಿದ್ದ ಆ ತೆಳ್ಳನೆಯ ಪುಸ್ತಕವನ್ನು ತಟ್ಟೆಯಲ್ಲಿಟ್ಟರು. ತೇಪೆಯ ಒಳಮೈ ಇರುವ ಪುಟಕ್ಕೆ ಒಂದು ಕೆಂಪು ರಿಬ್ಬನ್ ಸಿಕ್ಕಿಸಿ, ಮೇಲೆ ಎಲೆ ಅಡಿಕೆ ಇಟ್ಟು, ಡ್ರೈವರ್‌ಗೆ ವಡೆ ಕೊಟ್ಟು ಕಳಿಸಿದರು.

ಅದು ಪ್ರತಿ ಪೊಂಗಲ್‌ನ ಪದ್ಧತಿಯಾಯಿತು. ಅಕ್ಕನ ಯಜಮಾನರು, ಕರೆಂಟ್ ಆಫೀಸಿನಲ್ಲಿದ್ದು ನಿವೃತ್ತರಾದ ನಮ್ಮ ಭಾವ, "ಅವನು ಕಬ್ಬು ಕಳಿಸ್ತಾನೆ, ಇವಳು ಯುದ್ಧ ಕಳಿಸ್ತಾಳೆ" ಎನ್ನುತ್ತಿದ್ದರು.

ಪೊಂಗಲ್‌ಗೆ ಮುಂಚಿನ ಮಾರ್ಗಳಿ ತಿಂಗಳು ಹಿಡಿದ ಕೂಡಲೇ ಅಕ್ಕನಿಗೆ ಉತ್ಸಾಹ ಬರುತ್ತಿತ್ತು. ಬೇರೆ ಹೆಂಗಸರು ಬಾಗಿಲಿಗೆ ಯಾವ ರಂಗೋಲಿ ಎಂದು ಯೋಚಿಸಿದರೆ ಇವರು ಈ ವರ್ಷ ಯಾವ ಪುಸ್ತಕ ಎಂದು ಯೋಚಿಸುತ್ತಿದ್ದರು. ನಾವಿಬ್ಬರೂ ತಿರುಪ್ಪೂರಿನಿಂದ ಬಸ್ಸಿನಲ್ಲಿ ಗಾಂಧಿಪುರಂಗೆ ಹೋಗಿ, ಟೌನ್ ಬಸ್ ಹಿಡಿದು ಆರ್.ಎಸ್. ಪುರಂನಲ್ಲಿ ಇಳಿಯುತ್ತಿದ್ದೆವು. ಅಂಗಡಿಯ ಯಜಮಾನರು ಸ್ಟೂಲು ಎಳೆದು, "ವಾಂಗಮ್ಮಾ, ಪಟಾಳಂ ರೆಡಿ" ಎಂದು ಪುಸ್ತಕಗಳನ್ನು ಸಾಲಾಗಿ ಇಡುತ್ತಿದ್ದರು, ಸೈನ್ಯ ಸಿದ್ಧವಾಗಿದೆ ಎಂದು. ಸೀರೆ ಅಂಗಡಿಯಲ್ಲಿ ಮದುವೆ ಸೀರೆ ಆರಿಸುವಷ್ಟು ಹೊತ್ತು ಅಕ್ಕ ಅಲ್ಲಿ ಕೂರುತ್ತಿದ್ದರು.

ಅವರ ಆಯ್ಕೆಯಲ್ಲಿ ಕ್ರಮ ಇತ್ತು. ಮೊದಲು ಮಡಿಚುಗಾಜು ಇಡುವುದು. ಗಾಜಿನ ಕೆಳಗೆ ಬರೀ ಚುಕ್ಕಿ ಕಂಡರೆ ಆ ಪುಸ್ತಕ ಔಟ್. ಹೊಲಿಗೆಯ ನೂಲು ಕಾಣಬೇಕು. ಆಮೇಲೆ ಇಂದಿನವರಿಗೆ ವೇಷ ಹಾಕಿ ತೆಗೆದ ಫೋಟೊಗಳೋ ಎಂದು ನೋಡುವುದು. ಒಮ್ಮೆ ಅಂಥ ಒಂದು ಪುಟ ತೆರೆದು, "ಇವನ ಹೊಟ್ಟೆ ನೋಡು ಕಣ್ಣು, ಇವನನ್ನ ಹೊತ್ಕೊಂಡು ಯಾವ ಕೊಡೆ ಇಳಿಯುತ್ತೆ?" ಎಂದರು. ಯಜಮಾನರಿಗೆ ಕನ್ನಡ ಬಾರದಿದ್ದರೂ ಹೊಟ್ಟೆ ನೋಡಿ ಅರ್ಥ ಮಾಡಿಕೊಂಡು ನಕ್ಕರು. ಕೊನೆಯ ಪರೀಕ್ಷೆ ಒಳಮೈಯದು. ಬಟ್ಟೆಯನ್ನು ತಿರುವಿ ತೋರಿಸದ ಪುಸ್ತಕವನ್ನು ಅಕ್ಕ ಎಷ್ಟೇ ಚೆನ್ನಾಗಿದ್ದರೂ ಕೊಳ್ಳುತ್ತಿರಲಿಲ್ಲ. "ಮೇಲ್ಗಡೆ ಯಾರು ಬೇಕಾದ್ರೂ ಚೆನ್ನಾಗಿರ್ತಾರೆ. ನಮ್ ತಮ್ಮ ಇಲ್ವಾ" ಎನ್ನುತ್ತಿದ್ದರು.

ಫೋನಿನಲ್ಲೇ ಫೋಟೊ ಸಿಗುತ್ತದಲ್ಲ, ಪುಸ್ತಕ ಯಾಕೆ ಎಂದು ನಾನೊಮ್ಮೆ ಕೇಳಿದೆ. ಅಕ್ಕ ತಮ್ಮ ಫೋನ್ ತೆಗೆದು ತೋರಿಸಿದರು. ಯುದ್ಧಕಾಲದ ಅಸಲಿ ಜಾಕೆಟ್ ಎಂದು ಯಾರೋ ಮಾರಾಟಕ್ಕೆ ಹಾಕಿದ್ದ. ದೊಡ್ಡದು ಮಾಡಿ ನೋಡಿದರೆ ಅಂಚು ಮಡಿಚಿದ ತೇಪೆ, ಎರಡು ಸಾಲು ಹೊಲಿಗೆ. ನಮ್ಮದೇ. ತಿರಸ್ಕೃತವಾದ ಸರಕನ್ನು ತಮ್ಮ ಎಲ್ಲೋ ಸಗಟಿಗೆ ತಳ್ಳಿದ್ದ, ಅದು ಹೇಗೋ ಯುದ್ಧ ಮಾಡಿ ಬಂದಿತ್ತು. ಅಕ್ಕ ನಗುವುದನ್ನು ನಾನು ಹೆಚ್ಚು ನೋಡಿಲ್ಲ. ಅಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಈ ಸೇಡಿನಲ್ಲಿ ಒಂದು ಎಡವಟ್ಟೂ ಆಯಿತು. ತಮ್ಮನ ಹೆಂಡತಿ ಅಚ್ಚುಕಟ್ಟಿನವಳು. ವರ್ಷವರ್ಷ ಬಂದ ಪುಸ್ತಕಗಳನ್ನು ಏನು ಮಾಡಬೇಕೆಂದು ತಿಳಿಯದೆ ಹಾಲ್‌ನ ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟಳು. ಬಂದುಹೋಗುವವರು ನೋಡಿ, ಓಹೋ ಸಾರ್‌ಗೆ ಮಹಾಯುದ್ಧದಲ್ಲಿ ಆಸಕ್ತಿ ಎಂದುಕೊಂಡರು. ಒಂದು ಕ್ಲಬ್ಬಿನವರು ಕರೆದು ಅವನಿಂದ ಪ್ಯಾರಾಟ್ರೂಪರ್‌ಗಳ ಶೌರ್ಯದ ಬಗ್ಗೆ ಭಾಷಣವನ್ನೂ ಮಾಡಿಸಿದರು. ಶಾಲು ಹೊದಿಸಿಕೊಂಡ ಫೋಟೊ ನಮ್ಮವರ ವಾಟ್ಸ್ಯಾಪ್ ಗುಂಪಿನಲ್ಲಿ ಬಂತು. ಅದನ್ನು ನೋಡಿದ ದಿನ ಅಕ್ಕ ಊಟ ಮಾಡಲಿಲ್ಲ. "ನಾನು ಹೊಡ್ಯೋಕೆ ಕಳ್ಸಿದ ಕಲ್ಲಲ್ಲಿ ಅವನು ಮನೆ ಕಟ್ಕೊಂಡ" ಎಂದರು. ಇನ್ನು ನಿಲ್ಲಿಸಿ ಎಂದು ಭಾವ ಹೇಳಿದ್ದಕ್ಕೆ, ಆ ವರ್ಷ ಎರಡು ಪುಸ್ತಕ ಕಳಿಸಿದರು.

ಆದರೂ ರಿಬ್ಬನ್ ಅವನಿಗೆ ಚುಚ್ಚುತ್ತಿತ್ತು ಎನ್ನುವುದು ನನಗೆ ಗೊತ್ತು. ಯಾಕೆಂದರೆ ಅದಾದ ಮೇಲೆ ಒಂದು ದಿನ ಅವನು ತಾನೇ ಬಂದ. ಆ ವೇಳೆಗೆ ಅಕ್ಕ ಮನೆಯ ಹಿಂದಿನ ಶೆಡ್ಡಿನಲ್ಲಿ ಸಣ್ಣದಾಗಿ ತಮ್ಮದೇ ಸ್ಯಾಂಪಲ್ ಘಟಕ ತೆಗೆದಿದ್ದರು, ನಾನು ಜೊತೆಗಿದ್ದೆ. ಇಂಗ್ಲೆಂಡಿನ ಯಾರೋ ಕೊಡೆ ಸಿಪಾಯಿಯ ಜಾಕೆಟ್ಟನ್ನೇ ಕೇಳಿದ್ದರು. ದರ್ಜಿಗಳಿಗೆ ಸೊಟ್ಟಗೆ ಹೊಲಿಯಲು ಕಲಿಸುವುದರಲ್ಲಿ ನಮ್ಮ ಪ್ರಾಣ ಹೋಗುತ್ತಿತ್ತು. ಬೈದರೂ ಬರಲಿಲ್ಲ, ಬೇಡಿದರೂ ಬರಲಿಲ್ಲ. ಅಕ್ಕ ಆ ಕಡೆ ತಿರುಗಿದರೆ ಸಾಕು ಬಿಚ್ಚಿ ನೇರ ಮಾಡಿಬಿಡುತ್ತಿದ್ದರು. ಕೊನೆಗೆ ಅಕ್ಕ ಹೆಂಗಸರನ್ನೆಲ್ಲ ಕೂರಿಸಿ, ನಿಮ್ಮ ನಿಮ್ಮ ಅತ್ತೆಯ ಬ್ಲೌಸ್ ಹೊಲಿಯುತ್ತಿದ್ದೀರಿ ಎಂದುಕೊಳ್ಳಿ ಎಂದರು. ಅಂದು ಸಂಜೆಯ ಹೊತ್ತಿಗೆ ತೇಪೆಗಳು ಯುದ್ಧಕ್ಕೆ ಹೋಗಲು ತಯಾರಾದವು. ಆ ಸರಕು ಒಂದೇ ಏಟಿಗೆ ಪಾಸಾಯಿತು.

ತಮ್ಮ ಬಂದವನು ನೇರ ಅಡಿಗೆಮನೆಗೆ ಹೋಗಿ, ಚಿಕ್ಕಂದಿನಲ್ಲಿ ಕೂರುತ್ತಿದ್ದ ಹಾಗೆ ನೆಲದ ಮೇಲೆ ಕೂತ. ನಾನು ಬಾಗಿಲಲ್ಲಿ ಬೀನ್ಸ್ ಸೋಸುತ್ತಿದ್ದೆ. ಅವನು ಕನ್ನಡದಲ್ಲಿ ಹೇಳಿದ: "ಅಕ್ಕಾ, ತಪ್ಪು ನಂದೇ. ಒಪ್ಕೋತೀನಿ. ಆವತ್ತು ಬಯರ್ ಮುಂದೆ ಮಾನಂ ಹೋಗುತ್ತೆ ಅಂತ ಬಾಯಿ ತಪ್ಪಿ ಬಂತು. ಇನ್ನು ವಿಡು. ನಮ್ಮೊಳಗೆ ಇರ್ಲಿ."

ಅಕ್ಕ ಸಾರಿಗೆ ಒಗ್ಗರಣೆ ಹಾಕಿ, ಸದ್ದು ನಿಂತ ಮೇಲೆ ಹೇಳಿದರು: "ನಮ್ಮೊಳಗೆ ಇರೋದು ನಂಗೂ ಗೊತ್ತು, ನಿಂಗೂ ಗೊತ್ತು. ಬೇರೆ ಯಾರಿಗೆ ಗೊತ್ತು? ಎಲ್ಲಿ ಹೇಳ್ದ್ಯೋ ಅಲ್ಲಿ ಹೇಳು."

"ಆ ಟೈಲರ್‌ಗಳೆಲ್ಲ ಈಗ ನನ್ನ ಹತ್ರ ಇಲ್ಲಕ್ಕಾ. ಯಾರ್ನ ಹುಡ್ಕಿ ಹೇಳ್ಲಿ?"

"ನಾನು ಇಟ್ಟಿದೀನಿ ಹುಡ್ಕಿ. ಅರ್ಧ ಜನ ನನ್ ಶೆಡ್ಡಲ್ಲೇ ಇದಾರೆ. ಬಾ, ಈಗಲೇ ಹೇಳು."

ಅವನು ಶೆಡ್ಡಿನ ಕಡೆ ನೋಡಿದ. ಮಿಷನ್ನುಗಳ ಸದ್ದು ಕೇಳುತ್ತಿತ್ತು. ಎದ್ದು ಚಪ್ಪಲಿ ಮೆಟ್ಟಿಕೊಂಡ. ಅಕ್ಕ ಅವನನ್ನು ತಡೆದು ಸಾರು ಅನ್ನ ಹಾಕಿ ಊಟ ಮಾಡಿಸಿಯೇ ಕಳಿಸಿದರು. ಉಣ್ಣುವಾಗ ಎರಡನೇ ಸಲ ತುಪ್ಪವನ್ನೂ ಹಾಕಿದರು. ದ್ವೇಷ ಬೇರೆ, ತವರಿನವನು ಹಸಿದು ಹೋಗುವುದು ಬೇರೆ.

ಅಕ್ಕನನ್ನು ನಾನು ಹೊಗಳುತ್ತಿಲ್ಲ. ತಮ್ಮನ ಮಗಳ ಮದುವೆಗೆ ಅವರು ಹೋಗಲಿಲ್ಲ; ಆ ಹುಡುಗಿ ಮಂಟಪದಿಂದ ಫೋನ್ ಮಾಡಿ ಅತ್ತೇ ಅತ್ತೇ ಎಂದು ಅತ್ತಳು. ಅವಳೇನು ಪಾಪ ಮಾಡಿದ್ದಳು? ಅದು ಸರಿಯಲ್ಲ ಎಂದು ನಾನು ಅಕ್ಕನಿಗೆ ಮುಖದ ಮೇಲೇ ಹೇಳಿದೆ. "ಸರಿಯಲ್ಲ, ಆಮಾ" ಎಂದು ಒಪ್ಪಿಕೊಂಡು, ಅವಳಿಗೆ ಒಳ್ಳೆಯ ರೇಷ್ಮೆ ಸೀರೆ ಕಳಿಸಿದರು. ಹೋಗಲಿಲ್ಲ ಮಾತ್ರ. ಆದರೆ 'ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ವರ್ಷ ಹಗೆಯೇ' ಎಂದು ಯಾರಾದರೂ ಕೇಳಿದರೆ ನನ್ನ ಮೈ ಉರಿಯುತ್ತದೆ. ಯಾರಿಗೆ ಸಣ್ಣದು? ಜೀವಮಾನವಿಡೀ ಬಟ್ಟೆಯ ಮೇಲೆ ಕಣ್ಣಿಟ್ಟು ಬದುಕಿದವರಿಗೆ ಕಣ್ಣೇ ಸರಿ ಇಲ್ಲ ಎಂದು ಊರಿಗೆಲ್ಲ ಹೇಳಿ, ತಾನು ಶಾಲು ಹೊದಿಸಿಕೊಂಡವನಿಗೆ ಸಣ್ಣದು.

ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದಾಗ ಅಕ್ಕನಿಗೆ ತಿಳಿದುಹೋಗಿತ್ತು. ಭಾವ ಔಷಧಿ ತರಲು ಕೆಳಗೆ ಹೋದ ಹೊತ್ತು ನೋಡಿ ನನ್ನನ್ನು ಹತ್ತಿರ ಕರೆದರು. ನಮ್ಮಲ್ಲಿ ಹೆಂಗಸು ಸತ್ತರೆ ತವರಿನಿಂದ ಹೊಸ ಸೀರೆ ಬರಬೇಕು. ಅದನ್ನು ಹೊದಿಸಿದ ಮೇಲೆಯೇ ದೇಹ ಎತ್ತುವುದು. ಅದಕ್ಕೆ ಕೋಡಿ ಎನ್ನುತ್ತಾರೆ.

"ಅವನು ಕೋಡಿ ತರ್ತಾನೆ" ಎಂದರು ಅಕ್ಕ. "ಆ ಮಾತು ಹೇಳ್ದೆ ಅದನ್ನ ನನ್ ಮೇಲೆ ಹಾಕ್ಬಾರ್ದು. ಭಾವ ಪಾವಂ, ಅವರಿಗೆ ಆಗಲ್ಲ. ನೀನು ನೋಡ್ಕೋ."

"ಹೇಳಿಬಿಟ್ರೆ?"

"ಹೇಳಿಬಿಟ್ರೆ ಹಾಕ್ಲಿ. ನಾನೇನು ರಾಕ್ಷಸಿಯಾ?"

ಎರಡು ದಿನ ಕಳೆದು ಅಕ್ಕ ಹೋದರು.

ಮನೆಯ ಮುಂದೆ ಶಾಮಿಯಾನ ಹಾಕಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಮುಂದಿನ ಸಾಲುಗಳಲ್ಲಿ ನಮ್ಮವರು, ಹಿಂದೆ ಕಂಪನಿಯ ಜನ. ಅಕ್ಕನ ಶೆಡ್ಡಿನವರು, ತಮ್ಮನ ಹಳೆಯ ಕಾರ್ಖಾನೆಯಲ್ಲಿದ್ದ ದರ್ಜಿಗಳು, ಇಸ್ತ್ರಿಯವರು, ವಯಸ್ಸಾಗಿ ಮನೆಯಲ್ಲಿ ಕೂತಿದ್ದ ಕಟಿಂಗ್ ಮಾಸ್ಟರ್ ಕೂಡ ಆಟೊ ಮಾಡಿಕೊಂಡು ಬಂದಿದ್ದರು. ಅಂದು ಮಿಷನ್ ನಿಲ್ಲಿಸಿ ನಿಂತಿದ್ದವರಲ್ಲಿ ಬದುಕಿದ್ದವರು ಬಹುಪಾಲು ಅಲ್ಲಿದ್ದರು. ಅಕ್ಕನಿಗೆ ಸ್ನಾನ ಮಾಡಿಸಿ ಅರಿಸಿನ ಕುಂಕುಮ ಇಟ್ಟು ಮಲಗಿಸಿದ್ದೆವು.

ತಮ್ಮ ಬಂದ. ಕೈಯಲ್ಲಿ ಕಡುಗೆಂಪು ಸೀರೆ, ಒಳ್ಳೆಯ ಜರಿ. ಅವನ ಕಣ್ಣು ಊದಿತ್ತು. ಅತ್ತಿದ್ದು ಸುಳ್ಳಲ್ಲ, ಅದನ್ನೂ ಬರೆಯುತ್ತೇನೆ. ನೇರ ಬಂದು ಸೀರೆ ಬಿಡಿಸಲು ಹೋದ. ನಾನು ಮುಂದೆ ನಿಂತೆ.

"ಅಣ್ಣಾ, ಅಕ್ಕ ಒಂದು ಮಾತು ಹೇಳಿ ಹೋಗಿದಾರೆ. ಅದೇನು ಅಂತ ನಿಮಗೇ ಗೊತ್ತು. ಅದನ್ನ ಹೇಳಿ, ಆಮೇಲೆ ಹಾಕಿ."

ನಮ್ಮ ಕಡೆಯ ಒಬ್ಬ ಅಜ್ಜಿ ಗದರಿಸಿದಳು. "ಏನ್ ಮಾತು ಇದು, ಸಾವಿನ ಮನೇಲಿ? ಗಾಡಿ ಬಂದು ನಿಂತಿದೆ. ತವರಿನ ಸೀರೆ ಇಲ್ದೆ ಎತ್ತೋಕಾಗುತ್ತಾ?"

"ಆಗಲ್ಲ ಅಜ್ಜೀ" ಎಂದೆ. "ಅದಕ್ಕೇ ಕೇಳ್ತಿರೋದು."

ಅವನು ಭಾವನ ಕಡೆ ನೋಡಿದ. ಭಾವ ಜೀವಮಾನದಲ್ಲಿ ಯಾರಿಗೂ ಎದುರು ಮಾತಾಡಿದವರಲ್ಲ. ಅಕ್ಕನ ತಲೆಯ ಹತ್ತಿರ ಕೂತಿದ್ದವರು, "ಅವಳು ಹೇಳಿದ್ದು ಇವಳ ಹತ್ರ. ಇವಳು ಹೇಳಿದ ಹಾಗೆ ಮಾಡು" ಎಂದರು.

ತಮ್ಮ ಸೀರೆಯನ್ನು ಎದೆಗೆ ಒತ್ತಿಕೊಂಡು ನಿಂತ. ಆಮೇಲೆ ಅಕ್ಕನ ಮುಖವನ್ನೇ ನೋಡುತ್ತಾ ಮೆಲ್ಲಗೆ ಹೇಳಿದ: "ಪುಸ್ತಕ ಆರಿಸಿದ್ದು ನಾನಕ್ಕಾ. ತಪ್ಪು ನಂದು." ಹೇಳಿ ಸೀರೆಯ ಮಡಿಕೆ ಬಿಡಿಸತೊಡಗಿದ. ಹತ್ತಿರ ಇದ್ದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಅಜ್ಜಿ, "ಆಯ್ತಲ್ಲ, ಬಿಡೇ" ಎಂದಳು.

ಆಗಿರಲಿಲ್ಲ. ಇದು ಅಡಿಗೆಮನೆಯಲ್ಲಿ ಹೇಳಿದ ಮಾತೇ. ನಾನು ಸೀರೆಯ ಇನ್ನೊಂದು ತುದಿ ಹಿಡಿದುಕೊಂಡೆ.

"ಹಿಂದೆ ಕೂತಿರೋರಿಗೆ ಕನ್ನಡ ಬರಲ್ಲ ಅಣ್ಣಾ. ಆವತ್ತು ನೀವು ತಮಿಳಲ್ಲಿ ಹೇಳಿದ್ರಿ."

ಅವನು ನನ್ನನ್ನು ನೋಡಿದ ನೋಟವನ್ನು ನಾನು ಮರೆಯುವುದಿಲ್ಲ, ಮರೆಯಬೇಕೆಂದೂ ಇಲ್ಲ. ನಾನು ಸೀರೆ ಬಿಡಲಿಲ್ಲ. ಹೊರಗೆ ಗಾಡಿಯವನು ಒಮ್ಮೆ ಹಾರ್ನ್ ಮಾಡಿದ. ತಮ್ಮ ನಿಧಾನವಾಗಿ ಕುರ್ಚಿಗಳ ಕಡೆ ತಿರುಗಿದ. ತಮಿಳಿನಲ್ಲಿ ಹೇಳಿದ:

"ಪುಸ್ತಗಂ ಸೆಲೆಕ್ಟ್ ಪಣ್ಣದು ನಾನ್‌ದಾನ್. ತಪ್ಪು ಎನ್ನೋಡದು. ಅಕ್ಕಾ ವೇಣ್ಡಾನ್ನು ಸೊನ್ನಾಂಗ." ಆರಿಸಿದ್ದು ನಾನೇ, ತಪ್ಪು ನನ್ನದು, ಅಕ್ಕ ಬೇಡ ಎಂದೇ ಹೇಳಿದ್ದರು, ಎಂದ. ಆ ಕೊನೆಯ ಮಾತು ಹೇಳಿ ಎಂದು ನಾನು ಕೇಳಿರಲಿಲ್ಲ, ತಾನಾಗಿ ಸೇರಿಸಿದ.

ಕೊನೆಯ ಸಾಲಿನಲ್ಲಿ ಕೂತಿದ್ದ ಕಟಿಂಗ್ ಮಾಸ್ಟರ್‌ಗೆ ಈಗ ಕಿವಿ ಸರಿಯಾಗಿ ಕೇಳುವುದಿಲ್ಲ. ಪಕ್ಕದವಳ ಕಡೆ ಬಾಗಿ, ಏನು ಹೇಳಿದರು ಎಂದು ಕೇಳಿದರು.

ನಾನು ತಮ್ಮನ ಕಡೆ ನೋಡಿದೆ.

"ಮಾಸ್ಟರ್‌ಗೆ ಕೇಳಿಸ್ಲಿಲ್ವಂತೆ. ಇನ್ನೊಂದು ಸಲ ಹೇಳಿ ಅಣ್ಣಾ."

ಅವನು ಇನ್ನೊಂದು ಸಲ ಹೇಳಿದ, ಇನ್ನೂ ಜೋರಾಗಿ. ಆಮೇಲೆ ನಾನು ಸೀರೆ ಬಿಟ್ಟೆ.